ಅರದ ಗೀರು

1794ರ ಅಕ್ಟೋಬರ್ 15ರಂದು ಫಿಲಡೆಲ್ಫಿಯಾದ ಟಂಕಸಾಲೆಯಿಂದ 1,758 ಬೆಳ್ಳಿ ಡಾಲರುಗಳು ಹೊರಬಂದವು. ಅಮೆರಿಕದ ಟಂಕಸಾಲೆ ಅಚ್ಚುಹಾಕಿದ ಮೊದಲ ಡಾಲರುಗಳು ಅವೇ. ಒಂದು ಕಡೆ ಬಿಚ್ಚುಗೂದಲಿನ ಸ್ವಾತಂತ್ರ್ಯದೇವಿ, ಇನ್ನೊಂದು ಕಡೆ ಹದ್ದು. ಇಷ್ಟು ದೊಡ್ಡ ನಾಣ್ಯ ಒತ್ತುವ ಕಸುವು ಯಂತ್ರಕ್ಕಿರಲಿಲ್ಲ. ಎಡ ಅಂಚಿನ ನಕ್ಷತ್ರಗಳು ಹುಟ್ಟಿನಿಂದಲೇ ಮಸುಕು. ಅದನ್ನು ಸವೆತವೆಂದು ಎಣಿಸಿದರೆ ನಾಣ್ಯದ ಸ್ಥಿತಿಗೆ ದರ್ಜೆ ಕಟ್ಟುವವರ ಲೆಕ್ಕ ತಪ್ಪಿದಂತೆಯೇ.

ನನಗೆ ಹೆಚ್ಚು ಇಷ್ಟವಾಗುವುದು ಆ ಕಾಲದ ಕೆಲವು ನಾಣ್ಯಗಳ ಮೇಲಿನ ಸಾಲುಗೀರುಗಳು. ತೂಕ ಹೆಚ್ಚಾದ ಬಿಲ್ಲೆಯನ್ನು ಅಚ್ಚಿಗೆ ಕೊಡುವ ಮೊದಲು ಅರದಿಂದ ಉಜ್ಜಿ ಸರಿದೂಗಿಸುತ್ತಿದ್ದರು. ಅಚ್ಚು ಬಿದ್ದ ಮೇಲೂ ಕೆಲವು ಗೀರು ಉಳಿದವು. ಬೆಲೆ ತುಸು ತಗ್ಗಲಿ, ಕೆಲಸಗಾರನ ಕೈ ಅಲ್ಲಿದೆ! ನಂತರ ಯಾರೋ ಪಾಲಿಶ್ ಮಾಡಿ ಮೂಡಿಸಿದ ಗೆರೆಗಳು ಮಾತ್ರ ಶುದ್ಧ ಹಾನಿ. ಹಬ್ಬಕ್ಕೆ ಬೆಳ್ಳಿ ಬೆಳಗುವ ನಮ್ಮವರಿಗೆ ಇದು ವಿಚಿತ್ರ ಎನಿಸೀತು: ನಾಣ್ಯಸಂಗ್ರಹದಲ್ಲಿ ಕಾಲ ಬಳಿದ ಬೂದು-ನೀಲಿ ಛಾಯೆಗೇ ಮರ್ಯಾದೆ.

ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ತಾಮ್ರದ ಸೆಂಟುಗಳಿಗೆಂದು ಪ್ರಕಟಿಸಿದ 1ರಿಂದ 70ರ ದರ್ಜೆಯ ಅಳತೆಯೇ ಈಗ ಬೆಳ್ಳಿಗೂ. ಕೆನ್ನೆ, ಕೂದಲಿನ ಉಬ್ಬಿನಲ್ಲಿ ಹೊಳಪು ಕೊಂಚ ಮಾಸಿದರೆ 58. ಬಳಕೆಯ ಸವೆತವೇ ಇಲ್ಲದಿದ್ದರೆ 60ರಿಂದ ಮೇಲೆ. ಮೈತುಂಬ ಪೆಟ್ಟು ತಿಂದ 60ಕ್ಕಿಂತ ಚೆಲುವಾದ 58 ನನ್ನ ಆಯ್ಕೆ.