‘ಮನ’ ಶಬ್ದದ ಅರ್ಥವ್ಯಾಪ್ತಿ: ಆಸ್ಟ್ರೋನೇಷ್ಯನ್ ಭಾಷೆಗಳ ಸಾಕ್ಷ್ಯ ಮತ್ತು ಒಂದು ಸಿದ್ಧಾಂತದ ಮರುಪರಿಶೀಲನೆ

ಧರ್ಮದ ಉಗಮವನ್ನು ಚರ್ಚಿಸುವ ಮಾನವಶಾಸ್ತ್ರದ ಪಠ್ಯಗಳಲ್ಲಿ ‘ಮನ’ ಎಂಬ ಶಬ್ದಕ್ಕೆ ಒಂದು ಖಾಯಂ ಸ್ಥಾನವಿದೆ. ವಸ್ತುಗಳಲ್ಲಿಯೂ ವ್ಯಕ್ತಿಗಳಲ್ಲಿಯೂ ನೆಲೆಗೊಳ್ಳುವ, ಒಂದರಿಂದ ಇನ್ನೊಂದಕ್ಕೆ ಹರಿಯುವ ನಿರಾಕಾರ ಅತಿಮಾನುಷ ಶಕ್ತಿ ಎಂಬುದು ಅಲ್ಲಿ ದೊರೆಯುವ ವ್ಯಾಖ್ಯೆ. ಈ ಶಬ್ದವನ್ನು ದಿನನಿತ್ಯ ಬಳಸುವ ಭಾಷೆಗಳ ಸಾಕ್ಷ್ಯದೆದುರು ಇಂತಹ ವ್ಯಾಖ್ಯೆ ನಿಲ್ಲಬಲ್ಲುದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡದಲ್ಲಿರುವ ಮನ, ಮಾನ ಎಂಬ ಸಂಸ್ಕೃತಮೂಲದ ಶಬ್ದಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇರುವುದು ಧ್ವನಿಯ ಆಕಸ್ಮಿಕ ಹೋಲಿಕೆ ಮಾತ್ರ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸುವುದು ಅಗತ್ಯ.

ಆಸ್ಟ್ರೋನೇಷ್ಯನ್ ಭಾಷಾಕುಟುಂಬವು ತೈವಾನಿನಿಂದ ನ್ಯೂಜಿಲೆಂಡಿನವರೆಗೆ, ಮಡಗಾಸ್ಕರಿನಿಂದ ಈಸ್ಟರ್ ದ್ವೀಪದವರೆಗೆ ಹರಡಿದೆ. ಇದರಲ್ಲಿ 1,200ಕ್ಕೂ ಹೆಚ್ಚು ಭಾಷೆಗಳಿವೆ. ‘ಮನ’ದ ಹೇರಳ ಸಾಕ್ಷ್ಯವಿರುವುದು ಈ ಕುಟುಂಬದ ಓಷಿಯಾನಿಕ್ ಶಾಖೆಯಲ್ಲಿ, ಅಂದರೆ ನ್ಯೂಗಿನಿಯ ಕರಾವಳಿಯಿಂದ ಪಾಲಿನೇಷ್ಯದವರೆಗಿನ ದ್ವೀಪಗಳ ಭಾಷೆಗಳಲ್ಲಿ.

ಈ ಶಬ್ದವನ್ನು ವಿದ್ವತ್ಲೋಕಕ್ಕೆ ಪರಿಚಯಿಸಿದವರು ಮೆಲನೇಷ್ಯನ್ ಮಿಷನ್ನಿನ ಆರ್.ಎಚ್. ಕಾಡ್ರಿಂಗ್ಟನ್. 1891ರಲ್ಲಿ ಪ್ರಕಟವಾದ ‘ದಿ ಮೆಲನೇಷಿಯನ್ಸ್’ ಕೃತಿಯಲ್ಲಿ ಅವರು ಕೊಡುವ ನಿದರ್ಶನ ಪ್ರಸಿದ್ಧವಾದುದು. ವಿಚಿತ್ರ ಆಕಾರದ ಕಲ್ಲೊಂದು ಒಬ್ಬನಿಗೆ ಸಿಗುತ್ತದೆ. ಅದನ್ನು ಗೆಣಸಿನ ತೋಟದಲ್ಲಿ ಹೂಳುತ್ತಾನೆ. ಬೆಳೆ ಹುಲುಸಾಗಿ ಬಂದರೆ ಕಲ್ಲಿನಲ್ಲಿ ‘ಮನ’ವಿದೆ ಎಂದು ತಿಳಿಯುತ್ತಾನೆ. ಕಾಡ್ರಿಂಗ್ಟನ್ ಅವರ ಮಾಹಿತಿಯ ಬಹುಭಾಗ ಬಂದದ್ದು ನಾರ್ಫೋಕ್ ದ್ವೀಪದ ಮಿಷನ್ ಶಾಲೆಯ ವಿದ್ಯಾರ್ಥಿಗಳಿಂದ. ಅಲ್ಲಿನ ಸಂಪರ್ಕ ಭಾಷೆ ಬ್ಯಾಂಕ್ಸ್ ದ್ವೀಪಗಳ ಮೋಟಾ. ಹೀಗೆ ಒಂದು ನಿರ್ದಿಷ್ಟ ನೆಲೆಯಲ್ಲಿ ದೊರೆತ ಅರ್ಥವನ್ನು ಯುರೋಪಿನ ಚಿಂತಕರು ಸಾರ್ವತ್ರಿಕವಾಗಿಸಿದರು. ಮಾರೆಟ್, ಮಾರ್ಸೆಲ್ ಮೋಸ್, ದುರ್ಖೈಮ್ ಮೊದಲಾದವರ ಬರಹಗಳಲ್ಲಿ ಅದು ಮಾಂತ್ರಿಕತೆಗೂ ಧರ್ಮಕ್ಕೂ ಬುನಾದಿಯಾಗಿ ನಿಂತಿತು. ಭಾರತದಲ್ಲಿ ಡಿ.ಎನ್. ಮಜುಂದಾರ್ ಅವರು ಹೋ ಸಮುದಾಯದ ‘ಬೋಂಗಾ’ವನ್ನು ಇದೇ ಮಾದರಿಯಲ್ಲಿ ವಿವರಿಸಿದುದನ್ನು ಇಲ್ಲಿ ಸ್ಮರಿಸಬಹುದು.

ಆದರೆ ದ್ವೀಪಗಳಿಗೆ ಹೋಗಿ ಶಬ್ದದ ಬಳಕೆಯನ್ನು ಆಲಿಸಿದವರಿಗೆ ಕೇಳಿಸಿದ್ದು ಬೇರೆಯೇ. ಫಿಜಿಯಲ್ಲಿದ್ದ ಎ.ಎಂ. ಹೋಕಾರ್ಟ್ 1914ರಲ್ಲಿಯೇ ಅಲ್ಲಿನ ಬಳಕೆಯನ್ನು ವಿಶ್ಲೇಷಿಸಿದ್ದರು. ಫಿಜಿಯಲ್ಲಿ ಮದ್ದು ರೋಗವನ್ನು ಗುಣಪಡಿಸಿದರೆ ಅದು ‘ಮನ’. ವಿಧಿಯಾಚರಣೆಯ ಪ್ರಾರ್ಥನೆಯ ಕೊನೆಯಲ್ಲಿ ಈ ಶಬ್ದವು ‘ನಿಜ’ ಎಂಬರ್ಥದ ಶಬ್ದದೊಡನೆ ಜೋಡಿಯಾಗಿ ಬರುತ್ತದೆ. ಹೇಳಿದ್ದು ಹಾಗೆಯೇ ಆಗಲಿ ಎಂಬುದು ಅದರ ಇಂಗಿತ. ಟಿಕೋಪಿಯ ದ್ವೀಪದಲ್ಲಿ ಕ್ಷೇತ್ರಕಾರ್ಯ ನಡೆಸಿದ ರೇಮಂಡ್ ಫರ್ತ್ 1940ರ ಲೇಖನದಲ್ಲಿ ಕೊಡುವ ಚಿತ್ರವೂ ಇದಕ್ಕೆ ಹತ್ತಿರವಾಗಿದೆ. ಅಲ್ಲಿ ‘ಮನು’ ಎಂಬ ರೂಪವೂ ಬಳಕೆಯಲ್ಲಿದೆ. ಅದರ ಅರ್ಥವೇನೆಂದು ಕೇಳಿದಾಗ ಜನರು ಶಕ್ತಿಯ ಮಾತನ್ನಾಡಲಿಲ್ಲ. ಮಳೆ ಬಂತು, ಕೆಸುವಿನ ಗೆಡ್ಡೆ ಬೆಳೆಯಿತು, ಮೀನು ಸಿಕ್ಕಿತು ಎಂದು ಫಲವನ್ನು ತೋರಿಸಿದರು.

ಈ ಎಳೆಯನ್ನು ವ್ಯಾಕರಣದ ನೆಲೆಗೆ ತಂದವರು ರೋಜರ್ ಕೀಸಿಂಗ್. ಸಾಲೊಮನ್ ದ್ವೀಪಗಳ ಕ್ವಾಯೊ ಜನರ ನಡುವೆ ಅಧ್ಯಯನ ಮಾಡಿದ ಅವರು, ಬಹುಪಾಲು ಓಷಿಯಾನಿಕ್ ಭಾಷೆಗಳಲ್ಲಿ ‘ಮನ’ವು ಮೂಲತಃ ಸ್ಥಿತಿಸೂಚಕ ಕ್ರಿಯಾಪದವೆಂದೂ, ‘ಫಲಿಸು’, ‘ಸಿದ್ಧಿಸು’ ಎಂಬುದು ಅದರ ಅರ್ಥವೆಂದೂ 1984ರಲ್ಲಿ ಪ್ರತಿಪಾದಿಸಿದರು. ‘ಕಲ್ಲು ಫಲಿಸಿತು’ ಎಂಬ ಮಾತನ್ನು ‘ಕಲ್ಲಿನಲ್ಲಿ ಶಕ್ತಿಯಿದೆ’ ಎಂದು ಬದಲಿಸಿದಾಗ ಕ್ರಿಯೆಯು ವಸ್ತುವಾಗುತ್ತದೆ. ವಿದ್ಯುತ್ತಿನಂತೆ ಹರಿಯುವ ಶಕ್ತಿಯೆಂಬ ರೂಪಕ ದ್ವೀಪವಾಸಿಗಳದಲ್ಲ, ವಿದ್ವಾಂಸರದು ಎಂಬ ಅವರ ಆಕ್ಷೇಪ ತಳ್ಳಿಹಾಕುವಂತಹುದಲ್ಲ.

ಹಾಗೆಂದು ಕೀಸಿಂಗ್ ಅವರ ತೀರ್ಮಾನವೂ ಅಂತಿಮವಲ್ಲ. ಭಾಷಾವಿಜ್ಞಾನಿ ರಾಬರ್ಟ್ ಬ್ಲಸ್ಟ್ 2007ರಲ್ಲಿ ತೌಲನಿಕ ಸಾಕ್ಷ್ಯವನ್ನು ಮತ್ತೆ ಪರಿಶೀಲಿಸಿ, ಮೂಲ ಓಷಿಯಾನಿಕ್ ರೂಪವು ಗುಡುಗು, ಬಿರುಗಾಳಿಯಂತಹ ನಿಸರ್ಗದ ಪ್ರಬಲ ವಿದ್ಯಮಾನಗಳನ್ನು ಸೂಚಿಸುತ್ತಿತ್ತೆಂದು ವಾದಿಸಿದರು. ಆ ವಿದ್ಯಮಾನಗಳ ಹಿಂದೆ ಅಗೋಚರ ಕರ್ತೃತ್ವವೊಂದನ್ನು ಜನರು ಕಂಡಿದ್ದರು. ಪೂರ್ವದ ಕಡೆಗೆ ವಲಸೆ ಹೋದಂತೆ ಆ ಭಾವನೆ ಗುಡುಗು ಗಾಳಿಗಳಿಂದ ಬೇರ್ಪಟ್ಟು ಸ್ವತಂತ್ರವಾಯಿತು ಎಂಬುದು ಅವರ ನಿಲುವು. ಟೊಂಗನ್ ಭಾಷೆಯಲ್ಲಿ ಇಂದಿಗೂ ಈ ಶಬ್ದಕ್ಕೆ ಗುಡುಗು ಎಂಬ ಅರ್ಥವಿರುವುದು ಇಲ್ಲಿ ಗಮನಾರ್ಹ.

ಹೀಗೆ ಮೂವರು ವಿದ್ವಾಂಸರು ಮೂರು ಅರ್ಥಗಳನ್ನು ಮುಂದಿಡುತ್ತಾರೆ: ಶಕ್ತಿ, ಫಲ, ಗುಡುಗು. ಇವುಗಳಲ್ಲಿ ಯಾವುದು ಹಳೆಯದು ಎಂಬುದು ಭಾಷಾವಿಜ್ಞಾನದ ಸಾರ್ಥಕ ಪ್ರಶ್ನೆ. ಆದರೆ ಹಳೆಯ ಅರ್ಥವೇ ನಿಜವಾದ ಅರ್ಥ ಎಂಬ ಗ್ರಹಿಕೆಯನ್ನು ಜಾನಪದ ಅಧ್ಯಯನ ಒಪ್ಪಲಾಗದು. ಹವಾಯಿಯನ್ ಭಾಷೆಯಲ್ಲಿ ‘ಮನ’ಕ್ಕೆ ಪ್ರೇರಣಾರ್ಥಕ ಪೂರ್ವಪ್ರತ್ಯಯ ಸೇರಿ ಉಂಟಾದ ‘ಹೊಒಮನ’ ಶಬ್ದಕ್ಕೆ ಪೂಜಿಸು ಎಂದರ್ಥ. ಪೂಜೆಯೆಂದರೆ ‘ಮನ’ ಉಂಟುಮಾಡುವುದು ಎಂಬ ತಿಳಿವಳಿಕೆ ಆ ರಚನೆಯಲ್ಲಿಯೇ ಅಡಗಿದೆ. ಇಲ್ಲಿ ಶಬ್ದವು ಗುಡುಗಿನಿಂದ ಬಹು ದೂರ ಸಾಗಿದೆ. ಅದರಿಂದ ಅದು ಅಶುದ್ಧವಾಗಿಲ್ಲ.

ಅರ್ಥನಿರ್ಣಯವು ಕೇವಲ ವಿದ್ವಾಂಸರ ಚರ್ಚೆಯಲ್ಲ ಎಂಬುದಕ್ಕೆ ಮಾವೊರಿ ಜನರ ಚರಿತ್ರೆ ಸಾಕ್ಷಿ. 1835ರ ಸ್ವಾತಂತ್ರ್ಯ ಘೋಷಣೆಯ ಮಾವೊರಿ ಪಠ್ಯವು ನೆಲದ ಮೇಲಿನ ಪರಮಾಧಿಕಾರವನ್ನು ಹೇಳುವಾಗ ‘ಮನ’ ಶಬ್ದವನ್ನು ಬಳಸಿತ್ತು. 1840ರ ವೈಟಾಂಗಿ ಒಪ್ಪಂದದ ಇಂಗ್ಲಿಷ್ ಪಠ್ಯ ಪರಮಾಧಿಕಾರವನ್ನು ಬ್ರಿಟಿಷ್ ರಾಣಿಗೆ ಬಿಟ್ಟುಕೊಟ್ಟುದಾಗಿ ಹೇಳಿತು. ಆದರೆ ಹೆನ್ರಿ ವಿಲಿಯಮ್ಸ್ ಅವರ ಅನುವಾದದಲ್ಲಿ ಆ ಜಾಗದಲ್ಲಿ ‘ಮನ’ ಬರಲಿಲ್ಲ. ಗವರ್ನರ್ ಎಂಬ ಇಂಗ್ಲಿಷ್ ಶಬ್ದದಿಂದ ರೂಪಿಸಿದ ‘ಕಾವನತಂಗ’ ಬಂತು. ನಾಯಕರಲ್ಲಿ ಬಹುಪಾಲು ಜನ ಸಹಿ ಹಾಕಿದ್ದು ಮಾವೊರಿ ಪಠ್ಯಕ್ಕೆ. ಉತ್ತರದ ನಾಯಕರು 1840ರ ಫೆಬ್ರುವರಿಯಲ್ಲಿ ಪರಮಾಧಿಕಾರವನ್ನು ಬಿಟ್ಟುಕೊಟ್ಟಿರಲಿಲ್ಲವೆಂದು ವೈಟಾಂಗಿ ನ್ಯಾಯಮಂಡಳಿ 2014ರಲ್ಲಿ ತೀರ್ಮಾನಿಸಿತು. ಮಾವೊರಿಗಳ ಪಾಲಿಗೆ ‘ಮನ’ವು ಗುಡುಗೂ ಅಲ್ಲ, ಬರಿಯ ಫಲವೂ ಅಲ್ಲ, ಅದು ಗೌರವ, ಅಧಿಕಾರ ಮತ್ತು ನೆಲದ ಹಕ್ಕು. ಪಠ್ಯಪುಸ್ತಕದ ‘ನಿರಾಕಾರ ಶಕ್ತಿ’ ಈ ಯಾವುದನ್ನೂ ಹೇಳುವುದಿಲ್ಲ.

ಕನ್ನಡ ನಾಡಿನ ಕ್ಷೇತ್ರಕಾರ್ಯಕ್ಕೆ ಇದರಿಂದ ದೊರೆಯುವ ಎಚ್ಚರ ಸ್ಪಷ್ಟವಾಗಿದೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಭವಿಷ್ಯವಾಣಿ ‘ಕಾರಣಿಕ’. ತುಳುನಾಡಿನಲ್ಲಿ ದೈವವು ತೋರುವ ಮಹಿಮೆಯೂ ‘ಕಾರಣಿಕ’. ಎರಡನ್ನೂ ‘ಅಲೌಕಿಕ ಶಕ್ತಿ’ ಎಂದು ಅನುವಾದಿಸಿದರೆ ಒಂದು ಕಡೆ ನುಡಿ ಕಳೆದುಹೋಗುತ್ತದೆ, ಇನ್ನೊಂದು ಕಡೆ ಭಕ್ತರ ಅನುಭವ ಕಳೆದುಹೋಗುತ್ತದೆ. ಕಾಡ್ರಿಂಗ್ಟನ್ ಮಾಡಿದ ತಪ್ಪು ಕೇಳಿದ್ದನ್ನು ಬರೆದುಕೊಂಡದ್ದಲ್ಲ. ಅವರ ನಂತರದವರು ಆ ಬರಹವನ್ನು ಮತ್ತೆ ದ್ವೀಪಗಳ ಮಾತಿನೊಡನೆ ಹೋಲಿಸದೆ ಸಿದ್ಧಾಂತ ಕಟ್ಟಿದ್ದೇ ತಪ್ಪು.

ಸಮಾನ ಶಬ್ದವು ಭಾಷೆಗಳ ನಂಟನ್ನು ತೋರಿಸುತ್ತದೆ. ಸಮಾನ ನಂಬಿಕೆಯನ್ನು ತಾನಾಗಿ ಸಾಬೀತುಪಡಿಸುವುದಿಲ್ಲ. ಆದ್ದರಿಂದ ಶಬ್ದವನ್ನು ಸಂಗ್ರಹಿಸುವಾಗ ಅದು ಬಂದ ವಾಕ್ಯವನ್ನು, ಆಡಿದವರನ್ನು, ಆಡಿದ ಸಂದರ್ಭವನ್ನು ಕೂಡಿಯೇ ದಾಖಲಿಸಬೇಕು. ‘ಮನ’ದ ಚರಿತ್ರೆ ಜಾನಪದ ಸಂಶೋಧಕರಿಗೆ ಕಲಿಸುವ ಮೊದಲ ಪಾಠ ಇದು.