ತಕ್ಕಡಿ ಯಾರ ಕೈಯಲ್ಲಿ?

ಮಂಡ್ಯ ಜಿಲ್ಲೆಯವರಿಗೆ ತೂಕದ ಜಗಳ ಹೊಸದಲ್ಲ. ಕಬ್ಬು ಬೆಳೆಯುವವನು ರೈತ, ಕಡಿಸುವವನು ರೈತ, ಗಾಡಿಗೆ ತುಂಬಿಸಿಕೊಂಡು ಬಂದು ಕಾರ್ಖಾನೆಯ ಗೇಟಿನ ಮುಂದೆ ರಾತ್ರಿಯೆಲ್ಲ ಸರದಿ ಕಾಯುವವನೂ ರೈತ. ತೂಗುವ ಯಂತ್ರ ಮಾತ್ರ ಕೊಳ್ಳುವವನದು. ಆ ಯಂತ್ರಕ್ಕೆ ಸರ್ಕಾರದ ಮುದ್ರೆ ಇರುತ್ತದೆ, ನಿಜ. ಆದರೂ ದಾರಿಯಲ್ಲಿ ಸಿಕ್ಕ ಇನ್ನೊಂದು ವೇಬ್ರಿಡ್ಜಿನಲ್ಲಿ ಒಮ್ಮೆ ತೂಗಿಸಿ, ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋಗುವ ರೈತರನ್ನು ನಾನು ಬಲ್ಲೆ. ಇದನ್ನು ಹಳ್ಳಿಯವರ ಅನುಮಾನದ ಬುದ್ಧಿ ಎಂದು ತಳ್ಳಿಹಾಕುವಂತಿಲ್ಲ. ಕೊಳ್ಳುವವನೊಬ್ಬನೇ ತೂಗಬಾರದು ಎಂಬ ಸರಳ ನ್ಯಾಯ ಆ ಚೀಟಿಯಲ್ಲಿದೆ.

ಈಚೆಗೆ ಮಾನವ ಹಕ್ಕುಗಳ ಪಾಲನೆಯ ಬಗೆಗಿನ ಕೆಲವು ವರದಿಗಳನ್ನು ಓದುವಾಗ ಈ ಚೀಟಿ ಮತ್ತೆ ಮತ್ತೆ ನೆನಪಾಯಿತು. ಸರ್ಕಾರಗಳೂ ಕಂಪನಿಗಳೂ ಮನುಷ್ಯರನ್ನು ಹೇಗೆ ನಡೆಸಿಕೊಳ್ಳುತ್ತಿವೆ ಎಂದು ಅಳೆಯುವ ಬರಹಗಳಿವು. ನಾನು ಪುಸ್ತಕ ವಿಮರ್ಶೆ ಬರೆದು ಅಭ್ಯಾಸವಾದವನು. ಒಂದು ಕೃತಿಯಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರಿಗೆ ಮಾತೇ ಇಲ್ಲ ಎಂಬುದನ್ನು ಮೊದಲು ನೋಡುತ್ತೇನೆ. ಹಾಗೆ ನೋಡಿದರೆ ಈ ವರದಿಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಮಾತಾಡುವವನು ಅಳೆಸಿಕೊಳ್ಳಬೇಕಾದವನೇ.

ಮೊದಲು ಇವುಗಳ ಒಳ್ಳೆಯದನ್ನು ಹೇಳಿಬಿಡಬೇಕು. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ, ಜಾನ್ ರಗ್ಗಿ ಎಂಬ ವಿದ್ವಾಂಸರು ರೂಪಿಸಿದ ಮಾರ್ಗದರ್ಶಿ ತತ್ವಗಳನ್ನು ಒಪ್ಪಿಕೊಂಡಿತು. ಅವುಗಳ ಸಾರ ಮೂರು ಮಾತು: ಹಕ್ಕುಗಳನ್ನು ಕಾಪಾಡುವುದು ಸರ್ಕಾರದ ಕರ್ತವ್ಯ, ಅವುಗಳನ್ನು ಗೌರವಿಸುವುದು ಉದ್ಯಮದ ಹೊಣೆ, ಅನ್ಯಾಯವಾದವರಿಗೆ ಪರಿಹಾರ ಪಡೆಯುವ ದಾರಿ ಇರಬೇಕು. ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ಜವಾಬ್ದಾರಿಯುತ ಉದ್ಯಮ ನಡವಳಿಕೆಯ ಮಾರ್ಗಸೂಚಿಯ ಒಂಬತ್ತು ತತ್ವಗಳಲ್ಲಿ ಐದನೆಯದು ಮಾನವ ಹಕ್ಕುಗಳದ್ದೇ. 2022-23ರಿಂದ ಸೆಬಿಯು ಷೇರುಪೇಟೆಯ ಮೊದಲ 1,000 ಕಂಪನಿಗಳಿಗೆ ಈ ಬಗ್ಗೆ ಪ್ರತಿವರ್ಷ ಲೆಕ್ಕ ಕೊಡುವುದನ್ನು ಕಡ್ಡಾಯ ಮಾಡಿತು. ಕೂಲಿಯ ದೂರೆಷ್ಟು, ಲೈಂಗಿಕ ಕಿರುಕುಳದ ದೂರೆಷ್ಟು, ಬಲವಂತದ ದುಡಿಮೆಯ ದೂರೆಷ್ಟು, ಎಷ್ಟು ಬಾಕಿ ಎಂದು ಕಲಮು ಕಲಮಾಗಿ ಕೇಳುತ್ತಾರೆ. ಹಿಂದೆ ಯಾರೂ ಇಷ್ಟು ವಿವರವಾಗಿ ಕೇಳಿರಲಿಲ್ಲ.

ತೊಂದರೆ ಇರುವುದು ಉತ್ತರದಲ್ಲಿ. ಎಷ್ಟೋ ಕಲಮುಗಳಲ್ಲಿ ಕಾಣುವುದು ಸೊನ್ನೆ. ಸೊನ್ನೆಗೆ ಎರಡು ಅರ್ಥ ಉಂಟು. ಅನ್ಯಾಯವೇ ಆಗಿಲ್ಲ ಎಂಬುದೊಂದು. ಆದದ್ದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ ಎಂಬುದು ಇನ್ನೊಂದು. ವರದಿಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಮದ್ದೂರು, ಮಳವಳ್ಳಿಯ ಹಳ್ಳಿಗಳಿಂದ ಬೆಳಗಿನ ಬಸ್ಸಿನಲ್ಲಿ, ವ್ಯಾನಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ದೂರಿನ ಪೆಟ್ಟಿಗೆಯ ಬಗ್ಗೆ ಒಮ್ಮೆ ಕೇಳಿದ್ದೆ. "ಪೆಟ್ಗೆ ಐತೆ ಮೇಷ್ಟ್ರೇ. ಅದ್ರೊಳಕ್ಕೆ ಚೀಟಿ ಹಾಕ್ದೋರು ನಾಳೀಕೂ ಅದೇ ಗೇಟಲ್ಲಿ ಒಳೀಕ್ ಹೋಗ್ಬೇಕಲ್ವಾ?" ಎಂದರು. ಸೊನ್ನೆಯ ವ್ಯಾಖ್ಯಾನ ಇದಕ್ಕಿಂತ ಚೆನ್ನಾಗಿ ನನಗೆ ಎಲ್ಲೂ ಸಿಕ್ಕಿಲ್ಲ.

ನಮ್ಮ ಜಿಲ್ಲೆಯದೇ ಒಂದು ಪ್ರಸಂಗವಿದೆ. 2020ರ ಜೂನ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಂಪನಿಯ ಎರಡನೆಯ ಘಟಕದಿಂದ ಹೊಲಿಗೆ ಯಂತ್ರಗಳನ್ನು ಸಾಗಿಸಲು ತೊಡಗಿದರು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸಿಗೆ ಸೇರಿದ ಈ ಘಟಕದಲ್ಲಿ 1,200ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು, ಬಹುಪಾಲು ಹೆಂಗಸರು. ಹೊಲಿಯುತ್ತಿದ್ದುದು ಸ್ವೀಡನ್ನಿನ ಎಚ್ ಅಂಡ್ ಎಂ ಬ್ರಾಂಡಿಗೆ. ಕೊರೋನಾದಿಂದ ಆರ್ಡರು ಇಲ್ಲ ಎಂಬುದು ಕಂಪನಿಯ ಸಮಜಾಯಿಷಿ. ಸಂಘ ಗಟ್ಟಿಯಾಗಿದ್ದ ಘಟಕವನ್ನೇ ಆರಿಸಿ ಮುಚ್ಚುತ್ತಿದ್ದಾರೆ ಎಂಬುದು ಕಾರ್ಮಿಕರ ಆರೋಪ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಅಷ್ಟು ದೊಡ್ಡ ಕಾರ್ಖಾನೆಯನ್ನು ಮುಚ್ಚುವುದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕಿತ್ತು. ಎಚ್ ಅಂಡ್ ಎಂ 2015ರಲ್ಲೇ ಇಂಡಸ್ಟ್ರಿಆಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದೊಂದಿಗೆ, ತನ್ನ ಸರಬರಾಜುದಾರರ ಕಾರ್ಖಾನೆಗಳಲ್ಲಿ ಸಂಘದ ಹಕ್ಕನ್ನು ಕಾಪಾಡುವ ಒಪ್ಪಂದ ಮಾಡಿಕೊಂಡಿತ್ತು. ಅಂದರೆ ಕಾಯ್ದೆಯೂ ಇತ್ತು, ಒಪ್ಪಂದವೂ ಇತ್ತು, ತತ್ವಗಳೂ ಇದ್ದವು. ಇಷ್ಟಿದ್ದೂ ಹೆಂಗಸರು ವಾರಗಟ್ಟಲೆ ಕಾರ್ಖಾನೆಯ ಬಳಿ ಧರಣಿ ಕೂರಬೇಕಾಯಿತು. ಕೊನೆಗೆ 2021ರ ಫೆಬ್ರುವರಿಯಲ್ಲಿ ಕಂಪನಿ ಮತ್ತು ಗಾರ್ಮೆಂಟ್ ಕಾರ್ಮಿಕರ ಸಂಘದ ನಡುವೆ ಒಪ್ಪಂದವಾಗಿ, ಸಂಘಕ್ಕೆ ಮಾನ್ಯತೆ, ಕೆಲಸ ಕಳೆದುಕೊಂಡವರಿಗೆ ಮರುನೇಮಕದಲ್ಲಿ ಆದ್ಯತೆ ದೊರೆಯಿತು.

ಇದನ್ನು ಕಂಪನಿಯ ಸೋಲು, ಕಾರ್ಮಿಕರ ಗೆಲುವು ಎಂದಷ್ಟೇ ಓದಿದರೆ ಸಾಲದು. ಅಲ್ಲಿ ಪರಿಹಾರದ ದಾರಿ ತೆರೆದದ್ದು ಕಾಗದದ ತತ್ವದಿಂದಲ್ಲ. ಕಂಪನಿಯ ಲೆಕ್ಕಕ್ಕೆ ಎದುರಾಗಿ ಇನ್ನೊಂದು ಲೆಕ್ಕ ಇಡುವ ಸಂಘ ಇದ್ದುದರಿಂದ. ರೈತನ ಜೇಬಿನ ಚೀಟಿಯ ಕೆಲಸವನ್ನು ಇಲ್ಲಿ ಸಂಘ ಮಾಡಿತು.

ಅದೇ ವರ್ಷದ ಇನ್ನೊಂದು ಕತೆ ನೋಡಿ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ ತುಟ್ಟಿಭತ್ಯೆ ಹೆಚ್ಚಬೇಕಿತ್ತು. ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಹೈಕೋರ್ಟು ಸರ್ಕಾರದ ಆದೇಶವನ್ನು ಒಪ್ಪಲಿಲ್ಲ. ಅಷ್ಟಾದರೂ ಬಹಳಷ್ಟು ಕಾರ್ಖಾನೆಗಳು ದುಡ್ಡು ಬಿಚ್ಚಲಿಲ್ಲ. ಸಂಘದವರು ಲೆಕ್ಕ ಹಿಡಿದು ವಿದೇಶಿ ಬ್ರಾಂಡುಗಳ ಬಾಗಿಲು ತಟ್ಟಿದ ಮೇಲೆ, 2022ರ ಆರಂಭದ ಹೊತ್ತಿಗೆ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು. ಕಾಪಾಡಬೇಕಾದ ಸರ್ಕಾರವೇ ಇಲ್ಲಿ ಮೊದಲು ಕೈಬಿಟ್ಟದ್ದು ಎಂಬುದನ್ನು ಮರೆಯಬಾರದು.

ಸರ್ಕಾರದ ವಿಷಯಕ್ಕೆ ಬಂದರೆ ಮತ್ತೆ ಕಬ್ಬಿಗೇ ಬರಬೇಕು. ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಸ್ಪಷ್ಟವಾಗಿ ಹೇಳಿತು. ಆ ಬಡ್ಡಿ ಇರಲಿ, ಅಸಲಿಗೇ ತಿಂಗಳುಗಟ್ಟಲೆ ಕಾದವರು ನಮ್ಮಲ್ಲಿ ಎಷ್ಟು ಮಂದಿ! 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಸರ್ಕಾರದ್ದೇ ಕಂಪನಿ. ಅದೂ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಮಾಲೀಕನೂ ತಾನೇ, ನಿಯಮ ಪಾಲಿಸುವಂತೆ ನೋಡಿಕೊಳ್ಳುವವನೂ ತಾನೇ ಆದಾಗ ಸರ್ಕಾರ ಯಾರಿಗೆ ನೋಟಿಸು ಕೊಟ್ಟೀತು? 2015ರ ಜೂನ್‌ನಲ್ಲಿ ಪಾಂಡವಪುರ ತಾಲ್ಲೂಕಿನ ರೈತನೊಬ್ಬ ತನ್ನ ಕಬ್ಬಿಗೇ ಬೆಂಕಿಯಿಟ್ಟು ಅದರಲ್ಲಿ ಸತ್ತ. ಆ ಸಾವು ಯಾವ ಕಂಪನಿಯ ಯಾವ ಕಲಮಿನಲ್ಲಿ ಸೇರಬೇಕು? ನನಗೆ ತಿಳಿದಂತೆ ಅಂಥ ಕಲಮೇ ಇಲ್ಲ.

ಮಾನವ ಹಕ್ಕುಗಳ ಆಯೋಗ ಇದೆಯಲ್ಲ ಎನ್ನಬಹುದು. ಅದನ್ನು ಹುಟ್ಟುಹಾಕಿದ 1993ರ ಕಾಯ್ದೆಯನ್ನು ಓದಿ ನೋಡಬೇಕು. ಸರ್ಕಾರಿ ನೌಕರರು ಮಾಡಿದ ಉಲ್ಲಂಘನೆ, ಅಥವಾ ಅದನ್ನು ತಡೆಯುವಲ್ಲಿ ಅವರು ತೋರಿದ ನಿರ್ಲಕ್ಷ್ಯ, ಇವೇ ಆಯೋಗದ ವಿಚಾರಣೆಗೆ ಮುಖ್ಯ ವಸ್ತು. ಖಾಸಗಿ ಕಂಪನಿಯನ್ನು ಅದು ನೇರವಾಗಿ ಮುಟ್ಟುವುದು ಕಷ್ಟ. ಘಟನೆಯಾಗಿ ಒಂದು ವರ್ಷ ಕಳೆದಿದ್ದರೆ ವಿಚಾರಣೆಯಿಲ್ಲ. ವಿಚಾರಣೆ ಮುಗಿದರೂ ಅದು ಕೊಡುವುದು ಶಿಫಾರಸು. ರಾಜ್ಯ ಆಯೋಗ ಇರುವುದು ಬೆಂಗಳೂರಿನಲ್ಲಿ. ಮಳವಳ್ಳಿಯ ಹೆಣ್ಣುಮಗಳಿಗೆ ಅಷ್ಟು ದೂರ ಬೇಡ, ಮಂಡ್ಯದ ಕಾರ್ಮಿಕ ಕಚೇರಿಗೆ ಹೋಗಿಬಂದರೂ ಒಂದು ದಿನದ ಕೂಲಿ ಹೋಯಿತು. ಸಾಹೇಬರು ಸಿಗದಿದ್ದರೆ ಇನ್ನೊಂದು ದಿನದ್ದು. ಪರಿಹಾರದ ದಾರಿ ಇದೆಯೇ ಎಂದು ಕೇಳುವವರು, ಆ ದಾರಿಗೆ ಎಷ್ಟು ದಿನದ ಕೂಲಿ ಖರ್ಚು ಎಂದೂ ಕೇಳಬೇಕು.

ಇಷ್ಟು ಹೇಳಿ ನಾವು ಬೆಳೆಗಾರರು ನುಣುಚಿಕೊಳ್ಳುವಂತಿಲ್ಲ. ಬಳ್ಳಾರಿ ಕಡೆಯಿಂದ ಮುಂಗಡ ಹಣ ಪಡೆದು ಗುಂಪಾಗಿ ಬಂದು, ಬಯಲಿನಲ್ಲಿ ಗುಡಿಸಲು ಹಾಕಿಕೊಂಡು, ಮಕ್ಕಳನ್ನು ತೆವರಿಯ ಮೇಲೆ ಕೂರಿಸಿ ನಮ್ಮ ಕಬ್ಬು ಕಡಿಯುವವರ ಲೆಕ್ಕ ಯಾರ ಪುಸ್ತಕದಲ್ಲಿದೆ? ಮೇಸ್ತ್ರಿಯ ಪುಸ್ತಕದಲ್ಲಿ. ಸಾಲ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ ಎಂದರೆ ಅದು 1976ರ ಕಾಯ್ದೆ ರದ್ದುಮಾಡಿದ ಜೀತವೇ. ಕಾರ್ಖಾನೆಯ ತೂಕಕ್ಕೆ ಎದುರು ಚೀಟಿ ಬೇಕು ಎನ್ನುವ ರೈತ, ತನ್ನ ಗದ್ದೆಯಲ್ಲಿ ದುಡಿಯುವವನ ಕೈಗೂ ಒಂದು ಚೀಟಿ ಕೊಡಬೇಕಾಗುತ್ತದೆ.

ಗಾರ್ಮೆಂಟ್ಸ್ ಬಂದದ್ದರಿಂದ ನಮ್ಮ ಎಷ್ಟೋ ಹೆಣ್ಣುಮಕ್ಕಳ ಹೆಸರಿನಲ್ಲಿ ಪಾಸ್‌ಬುಕ್ಕು ಆಯಿತು, ಪಿ.ಎಫ್. ಆಯಿತು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಮಾನದಂಡಗಳು ಬೇಡ ಎಂದೂ ನಾನು ಹೇಳುತ್ತಿಲ್ಲ. ಮಾನದಂಡವೇ ಇಲ್ಲದಿದ್ದರೆ ತಪ್ಪನ್ನು ತಪ್ಪೆನ್ನಲು ಮಾತೂ ಸಿಗುವುದಿಲ್ಲ. ನನ್ನ ತಕರಾರು ಒಂದೇ. ಈ ನಮೂನೆಗಳಲ್ಲಿ ಒಂದು ಕಲಮು ಕಡಿಮೆಯಿದೆ. ಈ ವರದಿಯನ್ನು ದುಡಿಯುವವರಿಗೆ ಅವರ ಭಾಷೆಯಲ್ಲಿ ಓದಿ ಹೇಳಲಾಯಿತೇ, ಇದನ್ನು ಒಪ್ಪದವರು ಯಾರು, ಅವರು ಹೇಳುವುದೇನು ಎಂಬ ಕಲಮು ಅದು. ಅದು ಸೇರುವವರೆಗೆ, ಕಂಪನಿಯದಿರಲಿ ಸರ್ಕಾರದ್ದಿರಲಿ, ಇಂಥ ವರದಿಯನ್ನು ಒಂದು ಕಡೆಯವರ ಹೇಳಿಕೆ ಎಂದಷ್ಟೇ ನಾನು ಓದುತ್ತೇನೆ.