ನಾಲ್ಕು ಕೋಣೆ, ಒಂದೇ ಕೈ

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹೊಸ ಹಾರ್ಡ್‌ಡಿಸ್ಕ್ ಹಾಕಿಸಲು ಹೋದರೆ ಅಂಗಡಿಯ ಹುಡುಗ ಮೊದಲು ಕೇಳುವುದೇ, "ಸರ್, ಎಷ್ಟು ಪಾರ್ಟಿಷನ್ ಮಾಡ್ಲಿ?" ನಾವು ನಾಲ್ಕು ಎನ್ನುತ್ತೇವೆ. ಸಿ ಡ್ರೈವ್‌ನಲ್ಲಿ ವಿಂಡೋಸ್, ಡಿಯಲ್ಲಿ ಆಫೀಸಿನ ಫೈಲು, ಇಯಲ್ಲಿ ಮದುವೆ ವಿಡಿಯೊ, ಎಫ್‌ನಲ್ಲಿ ಹಾಡು. ಹೀಗೆ ಹಂಚಿಟ್ಟರೆ ಡಿಸ್ಕ್ ಹಗುರಾಗಿ ಓಡುತ್ತದಂತೆ. ಸೈಬರ್ ಕೆಫೆಗಳ ಕಾಲದ ಈ ನಂಬಿಕೆ ನನಗೂ ಇತ್ತು.

ಮನೆಬಳಕೆಯ ಡಿಸ್ಕಿನೊಳಗೆ ತಟ್ಟೆ ಎಷ್ಟೇ ಇರಲಿ, ಹೆಡ್ಡುಗಳನ್ನು ಹೊತ್ತ ತೋಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಸರಿಯುತ್ತವೆ. ನಿಮಿಷಕ್ಕೆ 7200 ಸುತ್ತು ಎಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಬೇಕಾದ ಜಾಗ ಹೆಡ್ಡಿನಡಿ ಬರಲು ಸರಾಸರಿ ಅದರರ್ಧ ಕಾಯಬೇಕು. ತೋಳು ಸರಿಯುವ ಹೊತ್ತು ಬೇರೆ. ಡಿಯಿಂದ ಇಗೆ ದೊಡ್ಡದೊಂದು ವಿಡಿಯೊ ಕಾಪಿಗೆ ಹಾಕಿ ಕಿವಿಗೊಡಿ, ಕರಕರ ಎನ್ನುತ್ತದೆ. ಅಲ್ಲಿ ಓದಿ ಇಲ್ಲಿ ಬರೆಯಲು ಅದೇ ತೋಳು ಓಡಾಡಬೇಕು. ಗೋಡೆ ಕಟ್ಟಿದ್ದು ನಾವು, ಬವಣೆ ಅದಕ್ಕೆ.

ನಂಬಿಕೆಯಲ್ಲಿ ಒಂದು ಚೂರು ನಿಜವಿದೆ, ಮುಚ್ಚಿಡುವುದಿಲ್ಲ. ತಟ್ಟೆಯ ಅಂಚಿನ ಸುತ್ತು ಉದ್ದ. ಒಂದೇ ಸುತ್ತಿನಲ್ಲಿ ಹೆಚ್ಚು ಡೇಟಾ ಸಿಗುತ್ತದೆ. ತೀರಾ ಒಳಸುತ್ತಿಗೆ ಬರುವಷ್ಟರಲ್ಲಿ ವೇಗ ಸುಮಾರು ಅರ್ಧಕ್ಕಿಳಿದಿರುತ್ತದೆ. ಡಿಸ್ಕಿನ ಲೆಕ್ಕ ಶುರುವಾಗುವುದು ಹೊರ ಅಂಚಿನಿಂದ, ಹಾಗಾಗಿ ಮೊದಲ ಪಾರ್ಟಿಷನ್‌ಗೆ ಕಾರ್ನರ್ ಸೈಟು! ಅದಕ್ಕೆ ಎರಡು ಪಾರ್ಟಿಷನ್ ಸಾಕು.

"ಹಳೇದನ್ನ ಹಂಗೇ ಕ್ಲೋನ್ ಮಾಡಿಬಿಡಿ" ಎನ್ನುವವರ ಮೇಲೆ ನನಗೆ ಇನ್ನೂ ಸಿಟ್ಟು. ಈಗಿನ ಡಿಸ್ಕುಗಳ ಒಂದು ಸೆಕ್ಟರು ಸಾಮಾನ್ಯವಾಗಿ 4096 ಬೈಟು, ಎಂದರೆ ಹಳೆಯ 512 ಬೈಟಿನವು ಎಂಟು. ವಿಂಡೋಸ್ ಎಕ್ಸ್‌ಪಿ ಮೊದಲ ಪಾರ್ಟಿಷನ್ ಶುರುಮಾಡುತ್ತಿದ್ದುದು 63ನೇ ಸೆಕ್ಟರಿನಿಂದ; 63 ಎಂಟರ ಮಗ್ಗಿಯಲ್ಲಿಲ್ಲ. ಕ್ಲೋನ್ ಮಾಡಿದರೆ ಆ ಸೊಟ್ಟವೂ ಹೊಸ ಡಿಸ್ಕಿಗೆ ಬಂದುಬಿಡಬಹುದು. ಆಗ ಪುಟ್ಟ ಬರಹವೂ ಎರಡು ಸೆಕ್ಟರುಗಳ ಗಡಿ ದಾಟುತ್ತದೆ. ಡಿಸ್ಕ್ ಎರಡನ್ನೂ ಓದಿ, ತಿದ್ದಿ, ಮತ್ತೊಂದು ಸುತ್ತು ಕಾದು ಬರೆಯಬೇಕು. ನನ್ನ ಕಂಪ್ಯೂಟರಿನಲ್ಲಿ ಹೊಸ ಡಿಸ್ಕ್ ಹಳೆಯದಕ್ಕಿಂತ ನಿಧಾನವಾದದ್ದು ಹೀಗೇ. ವಿಂಡೋಸಿನ ಸಿಸ್ಟಮ್ ಇನ್‌ಫರ್ಮೇಷನ್‌ನಲ್ಲಿ ಪಾರ್ಟಿಷನ್ ಶುರುವಾಗುವ ಸಂಖ್ಯೆ ಸಿಗುತ್ತದೆ: 32,256 ಎಂದಿದ್ದರೆ ಎಡವಟ್ಟು, 10,48,576 ಇದ್ದರೆ ಸರಿ.

ಇನ್ನು ಡಿಫ್ರಾಗ್, ಎಂದರೆ ಚದುರಿದ ಫೈಲಿನ ಚೂರುಗಳನ್ನು ಒಂದೆಡೆ ಜೋಡಿಸುವ ಕೆಲಸ. ವಿಂಡೋಸ್ ವಿಸ್ಟಾದಿಂದೀಚೆಗೆ ಅದು ತನ್ನ ಪಾಡಿಗೆ ವಾರಕ್ಕೊಮ್ಮೆ ನಡೆಯುತ್ತದೆ. ಅದಕ್ಕೆಂದು ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವುದು ದಂಡ.

ಇಷ್ಟೆಲ್ಲಕ್ಕಿಂತ ದೊಡ್ಡ ಸಂಗತಿ ಕೊಳ್ಳುವಾಗಲೇ ತೀರ್ಮಾನವಾಗಿರುತ್ತದೆ. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳನ್ನು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಚಾಚಿ ಹೊದಿಸಿರುತ್ತಾರೆ. ನಡುವಿನದೊಂದನ್ನು ಬದಲಿಸಬೇಕಾದರೆ ಅದನ್ನು ಒತ್ತಿ ಕೂತವನ್ನೂ ಎತ್ತಿ ಮತ್ತೆ ಜೋಡಿಸಬೇಕು. ಜೋರಾಗಿ ಶುರುವಾದ ಕಾಪಿ ಕ್ರಮೇಣ ತೆವಳಲಾರಂಭಿಸುತ್ತದೆ. ಹೇಳದೆ ಮಾರಿದ್ದಕ್ಕೆ ಗಲಾಟೆಯಾಗಿ, 2020ರಲ್ಲಿ ತಯಾರಕರು ಯಾವ ಮಾಡೆಲ್ ಯಾವ ಬಗೆಯದೆಂದು ಪಟ್ಟಿ ಪ್ರಕಟಿಸಬೇಕಾಯಿತು.

ಕಳೆದ ಸಲ ನಾನು ಕೊಂಡ ಡಿಸ್ಕಿನ ಡಬ್ಬದ ಮೇಲೆ ಸೆಕೆಂಡಿಗೆ 6 ಗಿಗಾಬಿಟ್ ಎಂದು ದಪ್ಪಕ್ಷರದಲ್ಲಿತ್ತು. ಮನೆಯ ಡಿಸ್ಕ್ ಅದರರ್ಧವನ್ನೂ ಮುಟ್ಟುವುದಿಲ್ಲ. ಹೆಂಚಿನ ವಿಷಯ ಎಲ್ಲೂ ಇರಲಿಲ್ಲ. ಕೌಂಟರಿನ ಮುಂದೆಯೇ ನಿಂತು ಮಾಡೆಲ್ ನಂಬರನ್ನು ಫೋನಿನಲ್ಲಿ ಹೊಡೆದು ನೋಡಿದೆ. ಎರಡು ನಿಮಿಷ ಹಿಡಿಯಿತು.